ಲಾಟ್ ನಂಬರ್ ನಾನೂರ ಹನ್ನೆರಡು

ದೇವಗಿರಿಯ ಕಾಲೇಜಿನಲ್ಲಿ
ಐದನೇ ಸೆಮಿಸ್ಟರಿನ ವೈವಾ.
ಗಲಗಲಿ ಸರ್ ಕನ್ನಡಕ ಒರೆಸುತ್ತ ಕೇಳಿದ್ದರು:
'ಕಮಿಟ್ ಅಂದ್ರೇನವಾ?'
ಪುಸ್ತಕದ ನಾಲ್ಕು ಸಾಲು ಗಂಟಲಿಗೆ ಬಂದು ನಿಂತವು,
ಬಾಯಿಂದ ಬಿದ್ದದ್ದು ಮಾತ್ರ ಮನೆಯ ಮಾತು:
'ಆಡಿದ ಮ್ಯಾಲೆ ನುಂಗಾಕ ಬರೂದಿಲ್ರಿ.'
ಹತ್ತಕ್ಕೆ ಏಳು ಕೊಟ್ಟರು.
ಮೂರು ಯಾಕೆ ಹೋದವೋ ಇವತ್ತಿಗೂ ತಿಳಿದಿಲ್ಲ.

ಈಗ ಬ್ಯಾಡಗಿ ಪ್ಯಾಟಿಯ ಟೆಂಡರ್ ಕೋಣೆಯಲ್ಲಿ
ನನ್ನ ಹೆಸರು ಕಂಪ್ಯೂಟರ್ ಅಕ್ಕಾರು.
ಪ್ರೇಮಲೀಲಾ ಹೊಸಗೌಡ್ರ ಎಂಬವಳು
ಹಾಜರಿ ಪುಸ್ತಕದಲ್ಲಷ್ಟೇ ಇದ್ದಾಳೆ.
ಕೀಬೋರ್ಡನ್ನು ದಿನಾ ತಲೆಕೆಳಗು ಮಾಡಿ ಬಡಿಯುತ್ತೇನೆ:
ಬೀಜ ಉದುರುತ್ತವೆ, ಕೆಂಪು ಹುಡಿ ಉದುರುತ್ತದೆ,
ಒಮ್ಮೆ ಒಂದು ತೊಟ್ಟು ಎಂಟರ್ ಗುಂಡಿಯ ಕೆಳಗೆ ಸಿಕ್ಕಿ
ಅರ್ಧ ತಾಸು ವ್ಯಾಪಾರವೇ ನಿಂತಿತ್ತು.
ಸರ್ವರೂ ಸೀನುತ್ತದೆ ಅನ್ನುತ್ತಾನೆ ಚಹಾ ತರುವ ಗುಡ್ಡಪ್ಪ.
ಫ್ಯಾನು ಬಿಚ್ಚಿ ನೋಡಿದರೆ ಹೌದು, ಮೂಗು ಕಟ್ಟಿದೆ.

ಜತೆಗೆ ಓದಿದವರು ಫೋನಿನಲ್ಲಿ ಕೇಳುತ್ತಾರೆ,
ಯಾವ ಕಂಪನಿ, ಯಾವ ಸ್ಟ್ಯಾಕು?
ಸ್ಟ್ಯಾಕು ಬೇಕಾದಷ್ಟಿದೆ ಅನ್ನುತ್ತೇನೆ,
ಕಿಟಕಿಯಾಚೆ ಚೀಲದ ಮೇಲೆ ಚೀಲ,
ಕೊನೆಗೆ ಒಟ್ಟಿದ್ದನ್ನೇ ಮೊದಲು ಇಳಿಸುತ್ತಾರೆ,
ಹಮಾಲರಿಗೆ ಯಾರೂ ಪಾಠ ಮಾಡಿಲ್ಲ.

ಗುರುವಾರ. ಟೆಂಡರ್ ಮುಚ್ಚಿ ಮೂರು ನಿಮಿಷ.
ಬಾಗಿಲಲ್ಲಿ ಹಜರತಸಾಬ,
ಸವಣೂರ ಖರೀದಿದಾರರ ಗುಮಾಸ್ತ,
ಕೈಯಲ್ಲಿ ಫೋನು, ಕಣ್ಣಲ್ಲಿ ನೀರು
(ಇಲ್ಲಿ ಎಲ್ಲರ ಕಣ್ಣಲ್ಲೂ ನೀರು, ಅದರಿಂದ ಏನೂ ತಿಳಿಯುವುದಿಲ್ಲ).
'ಹದಿನೈದ ಸಾವಿರದ ಇನ್ನೂರ ಒಂಬತ್ತು ಹೊಡಿಬೇಕಿತ್ರಿ,
ಐದು ಮುಂದ ಹಾರಿ ಕುಂತೈತಿ.'
ತೆರೆಯ ಮೇಲೆ ನಾನೂರ ಹನ್ನೆರಡನೇ ಲಾಟು:
ಐವತ್ತೊಂದು ಸಾವಿರದ ಇನ್ನೂರ ಒಂಬತ್ತು.
ಕ್ವಿಂಟಲಿಗೆ. ಒಂಬತ್ತು ಚೀಲ.
'ನಿಮ್ಮ ಕೈಯಾಗ ಒಂದ ಸಾಲಿನ ಕೆಲಸ ಅಕ್ಕಾರ,
ಯಾರು ನೋಡ್ತಾರ.'

ಒಂದೇ ಸಾಲು. ನನಗೆ ಗೊತ್ತು ಆ ಸಾಲು.
ಅಪ್‌ಡೇಟ್ ಎಂದು ಶುರುವಾಗುತ್ತದೆ,
ಅರ್ಧವಿರಾಮದಲ್ಲಿ ಮುಗಿಯುತ್ತದೆ.
ನಾಲ್ಕು ವರ್ಷದ ಫೀಜು,
ಮೋಟೆಬೆನ್ನೂರ ಕ್ರಾಸಿನಲ್ಲಿ ಕಾದ ಅಷ್ಟೂ ಬಸ್ಸು,
ಎಲ್ಲ ಸೇರಿ ಕಲಿಸಿದ್ದು ಇಂಥ ಸಾಲು ಬರೆಯುವುದನ್ನೇ.
ಬೆರಳು ಗುಂಡಿಗಳ ಮೇಲೆ ಬೆಚ್ಚಗಿದ್ದವು.
ಅವನ ಸಂಬಳ ಹನ್ನೊಂದು ಸಾವಿರ, ಅದೂ ಗೊತ್ತು.
ಆದರೆ ಗುರುವಾರ ಒಂದು ಬರೆದರೆ
ಸೋಮವಾರ ಇನ್ನೊಂದು ಬರುತ್ತದೆ,
ಬೇರೆ ಗುಮಾಸ್ತ, ಬೇರೆ ನೀರು.

'ಬರಕೊಡ್ರಿ,' ಅಂದೆ. 'ತಪ್ಪಾಗೇತಿ ಅಂತ ಕಾಗದದ ಮ್ಯಾಲೆ.
ಸೆಕ್ರೆಟರಿ ಸಹಿ, ದಲಾಲರ ಸಹಿ, ಮಾಲಿನವರ ಸಹಿ.
ಮರುಟೆಂಡರ್ ಮಾಡೂಣು.
ಹಳೇ ಸಾಲು ಮಾತ್ರ ಅಲ್ಲೇ ಇರತೈತಿ.'

ಮಾಲಿನವರು ಅಣ್ಣಿಗೇರಿಯ ಫಕೀರವ್ವ,
ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ ಬಂದರು.
ಬೈಗುಳಕ್ಕೆ ತಯಾರಾಗಿ ಕೂತಿದ್ದೆ.
ತೆರೆಯ ಹತ್ತಿರ ಬಾಗಿ
ಬೆರಳಿಟ್ಟು ಒಂದೊಂದೇ ಓದಿದರು,
ಐದು, ಒಂದು, ಎರಡು, ಸೊನ್ನಿ, ಒಂಬತ್ತು.
ಹಜರತಸಾಬನ ಕಡೆ ತಿರುಗಿ
'ನಿನ್ನ ಸಾಹುಕಾರಗ ಕಣ್ಣಿಲ್ಲ, ನಿನಗ ಬೆರಳಿಲ್ಲ' ಅಂದರು.
ಆಮೇಲೆ ನನಗೆ:
'ಸಹಿ ಮಾಡ್ತೀನಿ ತಡಿಯವಾ.
ಮೊದಲ ಇದನ್ನ ಕಾಗದಕ್ಕ ಇಳಿಸಿ ಕೊಡು.
ಅರ್ಧಾ ತಾಸರ ನನ್ನ ಮೆಣಸಿನಕಾಯಿಗೆ
ಈ ರೇಟು ಇತ್ತಲ್ಲ, ಸುಳ್ಳೇನ?'

ಸುಳ್ಳಲ್ಲ. ಕಮಿಟ್ ಆಗಿತ್ತು.

ಪ್ರಿಂಟರು ಕೆಮ್ಮಿ ಕೆಮ್ಮಿ ಹಾಳೆ ಹೊರಹಾಕಿತು.
ಮಡಚಿ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡು,
ಮಸಿ ಡಬ್ಬಿ ಆಚೆ ಸರಿಸಿ, ಪೂರ್ತಿ ಹೆಸರು ಬರೆದರು,
ಊರ ಹೆಸರೂ ಸೇರಿಸಿ.
ಮರುಟೆಂಡರಿನಲ್ಲಿ ಹದಿನಾರು ಸಾವಿರದ ನಲವತ್ತು.
ಹಜರತಸಾಬನಿಗೆ ಸಿಗಲಿಲ್ಲ ಆ ಲಾಟು.

ಸಂಜೆ ಸಿಸ್ಟಮ್ ಮುಚ್ಚುವ ಮೊದಲು ನೋಡಿದೆ:
ಹಳೇ ಸಾಲಿನ ಮುಂದೆ 'ರದ್ದು', ಅದರ ಮುಂದೆ ವೇಳೆ,
ಅದರ ಮುಂದೆ ಪ್ರೇಮಲೀಲಾ,
ಬರೀ ಪ್ರೇಮಲೀಲಾ.
ಗಲಗಲಿ ಸರ್‌ಗೆ ಫೋನು ಮಾಡಬೇಕು
ಆ ಮೂರು ಅಂಕದ ಬಗ್ಗೆ.
ಕೈ ಇನ್ನೂ ತೊಳೆದಿಲ್ಲ.
ಕಣ್ಣು ಉಜ್ಜಿಕೊಳ್ಳಬಾರದು.